ಹಬ್ಬದ ದೀಪದ ಸರ: ಎಲ್‌ಇಡಿಯೋ, ಹಳೆಯ ಬಲ್ಬೋ?



ಸೊಲ್ಲಾಪುರ, ಅಕ್ಕಲಕೋಟೆ ಭಾಗದ ನಮಗೆ ಗಣೇಶ ಚೌತಿಯಿಂದ ಹಿಡಿದು ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯವರೆಗೆ ದೀಪಾಲಂಕಾರದ ಕೆಲಸ ಇದ್ದೇ ಇರುತ್ತದೆ. ನಡುವೆ ದಸರೆ, ದೀಪಾವಳಿ, ನವೆಂಬರ್ 1ರ ರಾಜ್ಯೋತ್ಸವ. ಅಟ್ಟದ ಮೇಲಿರುವ ಹಳೆಯ ಸೀರಿಯಲ್ ಸೆಟ್ ಇಳಿಸಬೇಕೋ, ಹೊಸದಾಗಿ ಎಲ್‌ಇಡಿ ತರಬೇಕೋ ಎಂಬ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಮನೆಗೂ ಮಂಟಪಕ್ಕೂ ಉಪಯೋಗವಾಗಲೆಂದು ಈ ಮಾಹಿತಿಯನ್ನು ಒಂದೆಡೆ ಕೊಡಲಾಗಿದೆ.

ಎರಡೂ ಬೆಳಗುವ ಬಗೆ

ಹಳೆಯ ಬಲ್ಬಿನಲ್ಲಿ ಟಂಗ್‌ಸ್ಟನ್ ತಂತಿ ಕಾದು ಕೆಂಪಾಗಿ ಬೆಳಕು ಕೊಡುತ್ತದೆ. ಉಪಯೋಗಿಸಿದ ವಿದ್ಯುತ್ತಿನಲ್ಲಿ ಹತ್ತನೆಯ ಒಂದು ಪಾಲೂ ಬೆಳಕಾಗುವುದಿಲ್ಲ, ಉಳಿದದ್ದೆಲ್ಲ ಬಿಸಿಯಾಗಿ ಹೋಗುತ್ತದೆ. ಎಲ್‌ಇಡಿಯಲ್ಲಿ ಕಾಯುವ ತಂತಿ ಇಲ್ಲ. ಅರೆವಾಹಕದ ಸಣ್ಣ ಚೂರಿನಲ್ಲಿ ಕರೆಂಟು ಹರಿದಾಗ ನೇರವಾಗಿ ಬೆಳಕು ಹೊಮ್ಮುತ್ತದೆ. ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು. ನೀಲಿ ಎಲ್‌ಇಡಿ ಸಿದ್ಧವಾಗಲು 1990ರ ದಶಕದವರೆಗೆ ಕಾಯಬೇಕಾಯಿತು. ಬಿಳಿ ಬೆಳಕಿಗೆ ಆ ನೀಲಿಯೇ ಮೂಲ. ಅದಕ್ಕಾಗಿ ಅಕಸಾಕಿ, ಅಮಾನೊ, ನಕಮುರಾ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಸಂದಿತು.

ಮಂಟಪದ ಲೆಕ್ಕ

ಮಂಟಪಕ್ಕೆ ಬಣ್ಣಬಣ್ಣದ ಜೀರೋ ಬಲ್ಬಿನ ಸಾಲು ಕಟ್ಟುವುದು ಹಳೆಯ ರೂಢಿ. ಹೆಸರಿಗೆ ಜೀರೋ, ಆದರೆ ಹಳೆಯ ಮಾದರಿಯ ಒಂದೊಂದು ಬಲ್ಬೂ ಸುಮಾರು 15 ವ್ಯಾಟ್ ಎಳೆಯುತ್ತದೆ. ದಿನಕ್ಕೆ 6 ಗಂಟೆಯಂತೆ 5 ದಿನಕ್ಕೆ 100 ಬಲ್ಬಿನ ಲೆಕ್ಕ ಹೀಗಿದೆ:

- ಹಳೆಯ ಜೀರೋ ಬಲ್ಬ್: 1500 ವ್ಯಾಟ್, ದಿನಕ್ಕೆ 9 ಯುನಿಟ್, ಒಟ್ಟು 45 ಯುನಿಟ್.
- ಅರ್ಧ ವ್ಯಾಟಿನ ಎಲ್‌ಇಡಿ ಬಲ್ಬ್: 50 ವ್ಯಾಟ್, ದಿನಕ್ಕೆ 0.3 ಯುನಿಟ್, ಒಟ್ಟು ಒಂದೂವರೆ ಯುನಿಟ್.

ಯುನಿಟ್ಟಿಗೆ 10 ರೂಪಾಯಿ ಎಂದು ಹಿಡಿದರೆ 450 ರೂಪಾಯಿಗೆ ಎದುರಾಗಿ 15 ರೂಪಾಯಿ. ಬಿಲ್ಲಿಗಿಂತ ದೊಡ್ಡ ವಿಷಯ ಇನ್ನೊಂದಿದೆ. 230 ವೋಲ್ಟಿನಲ್ಲಿ 1500 ವ್ಯಾಟ್ ಎಂದರೆ ಆರೂವರೆ ಆಂಪಿಯರ್. ಗೋಡೆಯ ಸಾಮಾನ್ಯ ಸಾಕೆಟ್ಟಿನ ಮಿತಿಯೇ 6 ಆಂಪಿಯರ್. ಅದೇ ಸಾಕೆಟ್ಟಿಗೆ ಧ್ವನಿವರ್ಧಕ, ಫ್ಯಾನು ಸೇರಿದರೆ ತಂತಿ ಕಾಯುತ್ತದೆ, ಸಡಿಲವಾದ ಪಿನ್ನು ಕರಗುತ್ತದೆ. ಸುತ್ತ ಬಟ್ಟೆ, ಕಾಗದ, ಥರ್ಮೋಕೋಲ್ ಇರುವಲ್ಲಿ ಮುಂದೆ ಆಗುವುದನ್ನು ಹೇಳಬೇಕಿಲ್ಲ. ಮಂಟಪಕ್ಕೆ ಎಲ್‌ಇಡಿಯೇ ಸರಿ ಎನ್ನಲು ಇದು ಮುಖ್ಯ ಕಾರಣ.

ಮನೆಯ ಲೆಕ್ಕ

ಮನೆಯಲ್ಲಿ 40 ವ್ಯಾಟಿನ ಒಂದೇ ಹಳೆಯ ಸರವಿದ್ದರೆ ಐದು ದಿನಕ್ಕೆ ತಗಲುವುದು 1.2 ಯುನಿಟ್ ಮಾತ್ರ. 5 ವ್ಯಾಟಿನ ಎಲ್‌ಇಡಿಗೆ ಬದಲಾಯಿಸಿದರೆ ಉಳಿಯುವುದು ಒಂದು ಯುನಿಟ್ಟಿನಷ್ಟು. ಆದ್ದರಿಂದ ಬಿಲ್ಲು ಉಳಿಸುವ ಆಸೆಗಾಗಿ ಚೆನ್ನಾಗಿರುವ ಸರವನ್ನು ಎಸೆಯಬೇಕಾಗಿಲ್ಲ. ಅದು ನಿಜವಾಗಿ ಚೆನ್ನಾಗಿದೆಯೇ ಎಂದು ನೋಡುವುದು ಮುಖ್ಯ.

ಈ ಸರದಲ್ಲಿ 6 ವೋಲ್ಟಿನ 38 ಬಲ್ಬುಗಳನ್ನು ಒಂದರ ಹಿಂದೊಂದರಂತೆ ಜೋಡಿಸಿದರೆ 230 ವೋಲ್ಟ್ ಹಂಚಿಹೋಗುತ್ತದೆ. ಸೀರಿಯಲ್ ಎಂಬ ಹೆಸರು ಬಂದದ್ದೂ ಈ ಜೋಡಣೆಯಿಂದಲೇ. ಒಂದು ಬಲ್ಬು ಹೋದರೆ ಇಡೀ ಸರ ಕತ್ತಲೆ. ಆಗ ಸುಟ್ಟ ಬಲ್ಬನ್ನು ಕಿತ್ತು ಎರಡು ತುದಿ ಹೆಣೆದು ಬಿಡುವ ಅಭ್ಯಾಸ ಹಲವರಿಗಿದೆ. ಹೀಗೆ ಐದು ಬಲ್ಬು ತೆಗೆದರೆ ಉಳಿದ 33ಕ್ಕೆ ತಲಾ 7 ವೋಲ್ಟ್ ಬೀಳುತ್ತದೆ. ಅವು ಇನ್ನಷ್ಟು ಕಾದು ಬೇಗ ಸುಡುತ್ತವೆ. ಕರೆಂಟು ಇರುವಾಗಲೇ ಬಲ್ಬು ಕಿತ್ತರೆ ಆ ತೆರೆದ ಎರಡು ತುದಿಗಳ ನಡುವೆ ಪೂರ್ತಿ 230 ವೋಲ್ಟ್ ಇರುತ್ತದೆ. ಬಲ್ಬು ಸಣ್ಣದೆಂದು ಮಕ್ಕಳ ಕೈಗೆ ಕೊಡಬೇಡಿ. ಹೆಣಿಗೆ, ಟೇಪು ಹೆಚ್ಚಾದ ಸರವನ್ನು ಮತ್ತೆ ಕಟ್ಟಬೇಡಿ.

ಆಕಾಶಬುಟ್ಟಿಗೆ ಯಾವುದು?

ಕಾಗದದ ಆಕಾಶಬುಟ್ಟಿಯೊಳಗೆ 60 ವ್ಯಾಟಿನ ಹಳೆಯ ಬಲ್ಬು ಬೇಡವೇ ಬೇಡ. ಗಾಳಿಗೆ ಬುಟ್ಟಿ ವಾಲಿದರೆ ಕಾಗದ ನೇರವಾಗಿ ಕಾದ ಗಾಜಿಗೆ ತಾಗುತ್ತದೆ. 5 ವ್ಯಾಟಿನ ಎಲ್‌ಇಡಿ ಸಾಕು. ಎಲ್‌ಇಡಿಯ ಬುಡವೂ ಸ್ವಲ್ಪ ಬಿಸಿಯಾಗುವುದರಿಂದ ಮೇಲೆ ಕೆಳಗೆ ಗಾಳಿಯಾಡಲು ಬಿಡಬೇಕು.

ಎಲ್‌ಇಡಿ ಎಂದರೆ ಶಾಕ್ ಹೊಡೆಯುವುದಿಲ್ಲವೇ?

ಹೊಡೆಯುತ್ತದೆ. ಈ ತಪ್ಪು ತಿಳಿವಳಿಕೆ ಬಹಳ ಹರಡಿದೆ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಎಲ್‌ಇಡಿ ಸರಗಳು ನೇರವಾಗಿ 230 ವೋಲ್ಟಿಗೇ ಸೇರುತ್ತವೆ. ಕೂದಲಿನಂಥ ತಂತಿಯ ಮೇಲುಹೊದಿಕೆ ಕಿತ್ತುಹೋದರೆ, ಕಬ್ಬಿಣದ ಗ್ರಿಲ್ಲಿಗೆ ತಾಗಿದರೆ, ಮಳೆಗೆ ನೆನೆದರೆ ಅಪಾಯ ಹಳೆಯ ಸರದಷ್ಟೇ. ಅಡಾಪ್ಟರ್ ಮೂಲಕ 12 ಅಥವಾ 24 ವೋಲ್ಟಿಗೆ ಇಳಿದು ಬರುವ ಸರ ಇದಕ್ಕಿಂತ ಎಷ್ಟೋ ಸುರಕ್ಷಿತ. ಮಕ್ಕಳಿರುವ ಮನೆಗೂ ಬಾಲ್ಕನಿಗೂ ಅದನ್ನೇ ಆರಿಸಿ. ಅಡಾಪ್ಟರ್ ಮಾತ್ರ ಒಳಗೆ, ಒಣ ಜಾಗದಲ್ಲಿರಲಿ.

ಬೆಳಕಿನ ಬಣ್ಣ

ಎಲ್‌ಇಡಿ ಬೆಳಕು ಕಣ್ಣಿಗೆ ಚುಚ್ಚುತ್ತದೆ, ದೇವರ ಮುಂದೆ ಒಪ್ಪುವುದಿಲ್ಲ ಎನ್ನುವ ಹಿರಿಯರ ಮಾತಿನಲ್ಲಿ ಅರ್ಥವಿದೆ. ಅವರು ನೋಡಿರುವುದು 6500 ಕೆಲ್ವಿನ್ನಿನ ನೀಲಿಮಿಶ್ರಿತ ಬಿಳಿ. ಪೆಟ್ಟಿಗೆಯ ಮೇಲೆ 2700 ಅಥವಾ 3000 ಕೆಲ್ವಿನ್, ವಾರ್ಮ್ ವೈಟ್ ಎಂದಿರುವುದನ್ನು ತಂದರೆ ಹಳೆಯ ಬಲ್ಬಿನ ಹಳದಿ ಛಾಯೆಯೇ ಸಿಗುತ್ತದೆ. ಪಣತಿ ಸಾಲಿನ ಪಕ್ಕ ಮಿಟುಕುವ ಸರ ಬೇಡ, ಪಣತಿಯ ಬೆಳಕು ಕಾಣದಾಗುತ್ತದೆ.

ಕೊಳ್ಳುವಾಗ

- ಬಿಐಎಸ್ ಗುರುತು, ತಯಾರಕರ ಹೆಸರು, ವ್ಯಾಟ್ ನಮೂದು ನೋಡಿ. ಬಿಲ್ಲು ಪಡೆಯಿರಿ.
- ಹೊರಗೆ ಕಟ್ಟುವುದಕ್ಕೆ ಐಪಿ 44, ಮಳೆಗೆ ನೇರ ಸಿಕ್ಕುವ ಜಾಗಕ್ಕೆ ಐಪಿ 65 ಎಂದು ಬರೆದಿರಬೇಕು.
- ಅಂಗಡಿಯಲ್ಲೇ ಹೊತ್ತಿಸಿ ನೋಡಿ. ಎಲ್‌ಇಡಿ ಸರದಲ್ಲಿ ಕೆಟ್ಟ ಬಲ್ಬನ್ನು ಬದಲಿಸಲು ಸಾಮಾನ್ಯವಾಗಿ ಬರುವುದಿಲ್ಲ.

ಕಟ್ಟುವಾಗ

- ಸಾಕೆಟ್ಟಿನ ತೂತಿಗೆ ಬರಿಯ ತಂತಿ ಸಿಕ್ಕಿಸಿ ಬೆಂಕಿಕಡ್ಡಿ ತುರುಕಬೇಡಿ. ಪಿನ್ನು ಹಾಕಿಸಿ.
- ಮೊಳೆಗೆ ತಂತಿ ಸುತ್ತಬೇಡಿ. ಪ್ಲಾಸ್ಟಿಕ್ ಕ್ಲಿಪ್ಪು ಅಥವಾ ದಾರ ಬಳಸಿ.
- ಮುಖ್ಯ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲಿ. ಎಂಸಿಬಿ ಇದ್ದರೆ ತಂತಿಗೆ ರಕ್ಷಣೆ. ಶಾಕ್ ತಗಲಿದ ಮನುಷ್ಯನನ್ನು ಉಳಿಸುವುದು ಆರ್‌ಸಿಸಿಬಿ.
- ಮಂಟಪಕ್ಕೆ ಮಹಾವಿತರಣದಿಂದ ತಾತ್ಕಾಲಿಕ ಸಂಪರ್ಕ ಪಡೆಯಿರಿ. ಕಂಬಕ್ಕೆ ಕೊಕ್ಕೆ ಹಾಕುವುದು 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಅಪರಾಧ, ಜೀವಕ್ಕೂ ಅಪಾಯ.
- ಜಾತ್ರೆಯಲ್ಲಿ ನಂದಿಧ್ವಜ ಸಾಗುವ ಹಾದಿಗೆ ಅಡ್ಡವಾಗಿ ಸರ ಎಳೆಯಬೇಡಿ.
- ಮಲಗುವ ಮುನ್ನ ಸ್ವಿಚ್ ಆರಿಸಿ, ಪಿನ್ನನ್ನೂ ತೆಗೆಯಿರಿ.

ಒಟ್ಟಿನಲ್ಲಿ

ಮಂಟಪಕ್ಕೆ, ಹೊರಾಂಗಣಕ್ಕೆ, ಆಕಾಶಬುಟ್ಟಿಗೆ ಎಲ್‌ಇಡಿ. ಮನೆಯೊಳಗೆ ಗೋಡೆಗೆ ಕಟ್ಟುವ, ಹೆಣಿಗೆಯಿಲ್ಲದ ಹಳೆಯ ಸರವಿದ್ದರೆ, ಕಾಗದ ಮತ್ತು ಪರದೆಯಿಂದ ದೂರವಿಟ್ಟು ನೀವು ಎಚ್ಚರವಿರುವಷ್ಟು ಹೊತ್ತು ಹಚ್ಚಬಹುದು. ಬಲ್ಬು ಯಾವುದೇ ಇರಲಿ, ತಂತಿ ಮತ್ತು ಪಿನ್ನು ಗಟ್ಟಿಯಿರಬೇಕು. ಹಬ್ಬ ಮುಗಿದ ಮೇಲೆ ಸರವನ್ನು ರಟ್ಟಿಗೆ ಸುತ್ತಿ, ಇಲಿ ಮುಟ್ಟದಂತೆ ಡಬ್ಬಿಯಲ್ಲಿಡಿ. ಕೆಟ್ಟ ಎಲ್‌ಇಡಿ ಸರವನ್ನು ಹಸಿ ಕಸಕ್ಕೆ ಹಾಕದೆ ಇ-ತ್ಯಾಜ್ಯಕ್ಕೆ ಕೊಡಿ.

ಎಲ್ಲ ಸದಸ್ಯ ಕುಟುಂಬಗಳಿಗೂ ಹಬ್ಬದ ಶುಭಾಶಯಗಳು.

– ಕಾರ್ಯದರ್ಶಿ