ಮೊಣಕಾಲಿನ ಕೆಳಗಿನ ಏಟು

ಕನ್ನಡದಲ್ಲಿ ಹೊಡೆದಾಟವೂ ಆಟ, ಗುದ್ದಾಟವೂ ಆಟ. ಬಡಿದಾಟ, ಕಾದಾಟ, ಪುಂಡಾಟಗಳೂ ಹಾಗೆಯೇ. ಆಟ ಎಲ್ಲಿ ಮುಗಿದು ಹಿಂಸೆ ಎಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆ ನಮ್ಮ ಭಾಷೆಯಲ್ಲಿಯೇ ಅಡಗಿದೆ. ಇಂಗ್ಲೆಂಡಿನ ರಗ್ಬಿ ಆಟ ಇನ್ನೂರು ವರ್ಷಗಳಿಂದ ಉತ್ತರ ಹುಡುಕುತ್ತಿರುವುದು ಈ ಪ್ರಶ್ನೆಗೇ. ಆದರೆ ಇದನ್ನು ಅರ್ಥಮಾಡಿಕೊಳ್ಳಲು ಅಷ್ಟು ದೂರ ಹೋಗಬೇಕಾಗಿಲ್ಲ. ಸಂಪಾಜೆಯಲ್ಲಿ ನಿಂತು ಘಾಟಿಯ ಕೆಳಗೂ ಮೇಲೂ ನೋಡಿದರೆ ಸಾಕು.

ಕೆಳಗೆ, ಬಂಟ್ವಾಳ ತಾಲ್ಲೂಕಿನ ಪೊಳಲಿಯಲ್ಲಿ ರಾಜರಾಜೇಶ್ವರಿಯ ಜಾತ್ರೆಯ ಐದು ದಿನ 'ಚೆಂಡು' ನಡೆಯುತ್ತದೆ. ದೊಡ್ಡದೊಂದು ಚರ್ಮದ ಚೆಂಡಿಗಾಗಿ ಎರಡು ಪಕ್ಷಗಳ ಜನ ಗುಂಪುಗುಂಪಾಗಿ ಮುಗಿಬೀಳುತ್ತಾರೆ. ದೇವಿಯು ಅಸುರರ ರುಂಡಗಳನ್ನು ಚೆಂಡಾಡಿದ ನೆನಪು ಇದೆಂಬ ನಂಬಿಕೆಯಿದೆ. ಇಂಗ್ಲೆಂಡಿನ ಹಳ್ಳಿಗಳ ಹಳೆಯ ಕಾಲ್ಚೆಂಡಾಟವೂ ಹೀಗೆಯೇ ಊರಿಗೆ ಊರೇ ಸೇರಿ ಆಡುವಂಥದು. ಅದರ ಗದ್ದಲ ತಾಳಲಾರದೆ 1314ರಷ್ಟು ಹಿಂದೆಯೇ ಲಂಡನ್ ನಗರದಲ್ಲಿ ಆ ಆಟವನ್ನು ನಿಷೇಧಿಸಲಾಗಿತ್ತು. ರಗ್ಬಿ, ಫುಟ್‌ಬಾಲ್ ಎರಡಕ್ಕೂ ಮೂಲ ಇದೇ.

ಘಾಟಿಯ ಮೇಲೆ, ಕೊಡಗಿನಲ್ಲಿ, ಪುತ್ತರಿಯ ವೇಳೆ ಮಂದ್‌ಗಳಲ್ಲಿ ಕೋಲಾಟದ ಜೊತೆಗೆ 'ಪರೆಯಕಳಿ' ಇರುತ್ತದೆ. ಇಬ್ಬರು ಎದುರುಬದುರಾಗಿ ನಿಲ್ಲುತ್ತಾರೆ. ಒಂದು ಕೈಯಲ್ಲಿ ಗುರಾಣಿ, ಇನ್ನೊಂದರಲ್ಲಿ ಬೆತ್ತ. ಏಟು ಮೊಣಕಾಲಿನ ಕೆಳಗೇ ಬೀಳಬೇಕು. ಹಿರಿಯರು ಪಕ್ಕದಲ್ಲಿಯೇ ಇರುತ್ತಾರೆ. ಆಟ ಮುಗಿದೊಡನೆ ಇಬ್ಬರೂ ಆಲಿಂಗಿಸಿಕೊಳ್ಳುತ್ತಾರೆ. ಏಟು ನಿಜ, ಬಾಸುಂಡೆಯೂ ನಿಜ, ಆದರೆ ಹಗೆಯಿಲ್ಲ.

ವಿಚಿತ್ರವೆಂದರೆ ರಗ್ಬಿ ಶಾಲೆಯ ಹುಡುಗರು 1845ರಲ್ಲಿ ಮೊದಲ ಬಾರಿಗೆ ನಿಯಮಗಳನ್ನು ಬರೆದಿಟ್ಟಾಗ ಅವರಿಗೂ ಇದೇ ಗಡಿ ಹೊಳೆದಿತ್ತು. ಎದುರಾಳಿಯ ಕಾಲಿಗೆ ಒದೆಯಬಹುದು; ಆದರೆ ಹಿಮ್ಮಡಿಯಿಂದ ಒದೆಯುವಂತಿಲ್ಲ, ಮೊಣಕಾಲಿನಿಂದ ಮೇಲಕ್ಕೂ ಒದೆಯುವಂತಿಲ್ಲ. ಈ ಒದೆತಕ್ಕೆ 'ಹ್ಯಾಕಿಂಗ್' ಎಂದು ಹೆಸರು. ಗಂಡಸುತನದ ಪರೀಕ್ಷೆ ಅದೇ ಎಂದು ಹಲವರು ನಂಬಿದ್ದರು. 1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಸಂಸ್ಥೆ ಹುಟ್ಟಿದಾಗ, ಚೆಂಡು ಹಿಡಿದು ಓಡುವುದಕ್ಕೂ ಒದೆತಕ್ಕೂ ಅವಕಾಶವಿಲ್ಲವೆಂದು ಬ್ಲ್ಯಾಕ್‌ಹೀತ್ ಕ್ಲಬ್ಬು ಹೊರನಡೆಯಿತು. ಎರಡು ಆಟಗಳು ಬೇರೆಯಾಗಲು ಈ ಜಗಳವೂ ಒಂದು ಮುಖ್ಯ ಕಾರಣ.

ಆದರೆ ಶಾಲೆಯ ಹುಡುಗರ ಶೌರ್ಯ ಸೋಮವಾರ ಬೆಳಿಗ್ಗೆ ಕಚೇರಿಗೆ ಹೋಗಬೇಕಾದ ಗೃಹಸ್ಥರಿಗೆ ಒಗ್ಗುವುದೆ? ರಗ್ಬಿ ಆಟದ ಗಾಯಗಳ ಬಗ್ಗೆ 1870ರಲ್ಲಿ ವೈದ್ಯರೊಬ್ಬರು 'ಟೈಮ್ಸ್' ಪತ್ರಿಕೆಗೆ ದೂರಿ ಬರೆದರು. 1871ರಲ್ಲಿ ರಗ್ಬಿಯ ಸಂಸ್ಥೆಯೇ ಸ್ಥಾಪನೆಯಾಯಿತು. ಆ ವರ್ಷದ ನಿಯಮಗಳಲ್ಲಿ ಒದೆತಕ್ಕೆ ನಿಷೇಧ ಬಿತ್ತು. ಎಂಟೇ ವರ್ಷಗಳಲ್ಲಿ ಒದೆತದ ಅಭಿಮಾನಿಗಳು ಸೋತಿದ್ದರು. ಆಟ ಮಾತ್ರ ಸಾಯಲಿಲ್ಲ, ಇನ್ನಷ್ಟು ಹರಡಿತು. ಹಿಂಸೆಯೇ ಆಟದ ಜೀವಾಳ ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಮೈದಾನದ ಹೊರಗಿನ ಪುಂಡಾಟದ ಕಥೆ ಬೇರೆ. ಕಲ್ಕತ್ತೆಯ ಕ್ಲಬ್ಬೊಂದು ಮುಚ್ಚುವಾಗ ಉಳಿದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ 1878ರಲ್ಲಿ ಕಪ್ ಒಂದನ್ನು ಮಾಡಿಸಿತು. ಅದರ ಹಿಡಿಗಳು ನಾಗರಹಾವುಗಳು, ಮುಚ್ಚಳದ ಮೇಲೆ ಆನೆ. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್‌ಲೆಂಡ್ ಸೆಣಸುವುದು ಈ 'ಕಲ್ಕತ್ತಾ ಕಪ್'ಗಾಗಿ. 1988ರ ಪಂದ್ಯದ ರಾತ್ರಿ ಎರಡೂ ತಂಡಗಳ ಒಬ್ಬೊಬ್ಬ ಆಟಗಾರ ಕುಡಿದು ಎಡಿನ್‌ಬರೋದ ಬೀದಿಯಲ್ಲಿ ಅದನ್ನು ಜಜ್ಜಿಹಾಕಿದರು. ಸಂಸ್ಥೆಗಳು ಇಬ್ಬರನ್ನೂ ಅಮಾನತುಗೊಳಿಸಿದವು. ಇಂಥ ತಪ್ಪು ಎಲ್ಲರ ಕಣ್ಣಿಗೂ ಬೀಳುತ್ತದೆ, ಶಿಕ್ಷಿಸುವುದೂ ಸುಲಭ.

ಕಷ್ಟವಿರುವುದು ನಿಯಮದೊಳಗೇ ಬೀಳುವ ಏಟಿನಲ್ಲಿ. 2003ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದಲ್ಲಿದ್ದ ಸ್ಟೀವ್ ಥಾಂಪ್ಸನ್ ಅವರಿಗೆ ಆ ಗೆಲುವೇ ಈಗ ನೆನಪಿಲ್ಲ. ನಲವತ್ತು ದಾಟುತ್ತಲೇ ಅವರಿಗೆ ಮರೆಗುಳಿ ಕಾಯಿಲೆ ಬಂತು. ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟುಗಳೇ ಕಾರಣವೆಂದು 2020ರಲ್ಲಿ ಅವರೂ ಇತರ ಮಾಜಿ ಆಟಗಾರರೂ ಕಾನೂನು ಕ್ರಮಕ್ಕೆ ಮುಂದಾದರು. ಇಲ್ಲಿ ಪುಂಡಾಟವೂ ಇಲ್ಲ, ಹಗೆಯೂ ಇಲ್ಲ, ಆಡಿದ್ದೆಲ್ಲ ಆಟವೇ. 2023ರಲ್ಲಿ ಇಂಗ್ಲೆಂಡಿನ ಹವ್ಯಾಸಿ ರಗ್ಬಿಯಲ್ಲಿ ಎದುರಾಳಿಯನ್ನು ಎದೆಯಿಂದ ಕೆಳಗೇ ಹಿಡಿಯಬೇಕೆಂಬ ನಿಯಮ ಬಂತು. ಏಟಿನ ಗಡಿ ಮತ್ತೊಮ್ಮೆ ಕೆಳಗಿಳಿಯಿತು.

ಕಾಲಿನ ಬಾಸುಂಡೆ ವಾರದಲ್ಲಿ ಮಾಸುತ್ತದೆ. ತಲೆಯ ಪೆಟ್ಟು ಇಪ್ಪತ್ತು ವರ್ಷ ಕಳೆದು ಲೆಕ್ಕ ಕೇಳುತ್ತದೆ. ಬೆತ್ತ ಎಲ್ಲಿಯವರೆಗೆ ಏಳಬಹುದೆಂದು ಗೆರೆ ಎಳೆದ ಮಂದ್‌ನ ಹಿರಿಯರಿಗೆ ವೈದ್ಯಶಾಸ್ತ್ರದ ಈ ಮಾತು ತಿಳಿದಿರಲಾರದು. ಆದರೆ ಗಂಡಸುತನವನ್ನು ತೋರಿಸಲು ತಲೆಯನ್ನು ಪಣಕ್ಕಿಡಬೇಕಾಗಿಲ್ಲವೆಂಬುದು ಅವರಿಗೆ ತಿಳಿದಿತ್ತು. ನಮ್ಮೂರಿನ ಕಬಡ್ಡಿ ಅಂಕಣಕ್ಕೆ ಮಕ್ಕಳನ್ನು ಕಳುಹಿಸುವ ಮುನ್ನ, ಅಲ್ಲಿ ಗೆರೆ ಎಳೆದವರು ಯಾರು, ಪಕ್ಕದಲ್ಲಿ ನಿಂತು ಕಾಯುವವರು ಯಾರು ಎಂದು ಕೇಳಿಕೊಳ್ಳುವುದು ಒಳ್ಳೆಯದು.