ಬಾರದ ಕಾಗದ

ಎವರೆಟ್ ರೂಯಸ್ ಅಮೆರಿಕದ ಹುಡುಗ, ಚಿತ್ರಕಾರ. ಯೂಟಾ ರಾಜ್ಯದ ಬಂಡೆಗಾಡಿನಲ್ಲಿ ಒಬ್ಬನೇ ಬಿಡಾರ ಹೂಡುತ್ತ ಅಲೆಯುತ್ತಿದ್ದ. 1934ರ ನವೆಂಬರಿನಲ್ಲಿ, ತನ್ನ 20ನೇ ವಯಸ್ಸಿನಲ್ಲಿ, ಎಸ್ಕಲಾಂಟೆ ಎಂಬ ಊರಿನಿಂದ ಮನೆಗೆ ಕಾಗದ ಬರೆದು, ಎರಡು ಕತ್ತೆಗಳೊಡನೆ ಹೊರಟವನು ಮರಳಲಿಲ್ಲ.

ಈ ಕಥೆಯಲ್ಲಿ ನನ್ನನ್ನು ಕಾಡುವವಳು ಅವನ ತಾಯಿ ಸ್ಟೆಲ್ಲಾ. ಕಾಗದ ನಿಂತುಹೋದಾಗ, 1935ರ ಫೆಬ್ರವರಿಯಲ್ಲಿ, ಆ ಊರಿನ ಅಂಚೆಕಚೇರಿಗೇ ಬರೆದು ವಿಚಾರಿಸಿದಳು. ಹುಡುಕಿದವರಿಗೆ ಕತ್ತೆಗಳು ಸಿಕ್ಕವು, ಮಗ ಸಿಗಲಿಲ್ಲ. ಕಣಿವೆಯಲ್ಲಿ ‘ನೀಮೋ 1934’ ಎಂಬ ಕೆತ್ತನೆಯಿತ್ತು. ಲ್ಯಾಟಿನ್ನಿನಲ್ಲಿ ನೀಮೋ ಎಂದರೆ ‘ಯಾರೂ ಅಲ್ಲ’.

2009ರಲ್ಲಿ ಕೆಲವು ಮೂಳೆಗಳನ್ನು ಅವನವೇ ಎಂದರು. ಅದೇ ವರ್ಷ ಮರುಪರೀಕ್ಷೆಯಲ್ಲಿ ಅಲ್ಲವೆಂದಾಯಿತು. ಆ ಹೊತ್ತಿಗೆ ಸ್ಟೆಲ್ಲಾ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಸತ್ತ ಮಗನಿಗಾಗಿ ತಾಯಿ ಒಮ್ಮೆ ಅತ್ತಾಳು. ಬಾರದ ಮಗನಿಗಾಗಿ ಅಳುವುದಕ್ಕೂ ಆಕೆಗೆ ಮನಸ್ಸು ಬಾರದು.