ಕೋಲಾದ ಗುಟ್ಟು: ಮಂಗಳೂರು, ಮೈಸೂರು, ಡೆಲವೇರ್

ಅಮೆರಿಕದ ಡೆಲವೇರ್ ರಾಜ್ಯದ ಫೆಡರಲ್ ಕೋರ್ಟಿನಲ್ಲಿ 1980ರ ದಶಕದಲ್ಲಿ ಕೊಕಾ-ಕೋಲಾ ಕಂಪನಿಯ ಮೇಲೆ ಒಂದು ದಾವೆ ನಡೆಯಿತು. ಹೂಡಿದವರು ಪ್ರತಿಸ್ಪರ್ಧಿಗಳಲ್ಲ, ಅದೇ ಪಾನೀಯವನ್ನು ಬಾಟಲಿಗೆ ತುಂಬಿ ಮಾರುತ್ತಿದ್ದ ಊರೂರಿನ ಬಾಟ್ಲರುಗಳು. ಆ ಕೇಸಿನಲ್ಲಿ ಕಂಪನಿಯ ಪ್ರಧಾನ ವಕೀಲ ರಾಬರ್ಟ್ ಕೆಲ್ಲರ್ ಒಂದು ಅಫಿಡವಿಟ್ ಸಲ್ಲಿಸಿದರು. ಕೋಲಾದ ಸೂತ್ರ ಎಷ್ಟು ಗುಪ್ತವಾದದ್ದು ಎಂಬುದನ್ನು ನ್ಯಾಯಾಧೀಶರಿಗೆ ಮನದಟ್ಟು ಮಾಡಿಸುವುದು ಅದರ ಉದ್ದೇಶ. ಅದರ ಪ್ರಕಾರ, ಸೂತ್ರದ ಬರಹ ಆಗ ಅಟ್ಲಾಂಟಾದ ಟ್ರಸ್ಟ್ ಕಂಪನಿ ಬ್ಯಾಂಕಿನ ಭದ್ರಕೋಣೆಯಲ್ಲಿತ್ತು. ಆಡಳಿತ ಮಂಡಳಿಯ ನಿರ್ಣಯವಿಲ್ಲದೆ ಅದನ್ನು ತೆರೆಯುವಂತಿಲ್ಲ. ಅದನ್ನು ಬಲ್ಲವರು ಯಾವ ಕಾಲಕ್ಕೂ ಇಬ್ಬರೇ. ಅವರ ಹೆಸರನ್ನು ಹೊರಗೆ ಹೇಳುವುದಿಲ್ಲ, ಅವರಿಬ್ಬರೂ ಒಂದೇ ವಿಮಾನ ಹತ್ತುವಂತಿಲ್ಲ.

ಇಷ್ಟು ಸಾಲದು ಎಂಬಂತೆ ಇನ್ನೊಂದು ಸಾಕ್ಷ್ಯವೂ ಇತ್ತು, ಅದು ಭಾರತ. ಸೂತ್ರ ಬಿಟ್ಟುಕೊಟ್ಟರೆ ಮಾತ್ರ ವ್ಯಾಪಾರ ಎಂದು ಅಲ್ಲಿನ ಸರ್ಕಾರ ಪಟ್ಟು ಹಿಡಿದಾಗ ನಾವು 55 ಕೋಟಿ ಜನರ ಮಾರುಕಟ್ಟೆಯನ್ನೇ ತೊರೆದು ಬಂದೆವು ಎಂಬುದು ಅದರ ಸಾರಾಂಶ. (55 ಕೋಟಿ ಎಂಬುದು 1971ರ ಜನಗಣತಿಯ ಲೆಕ್ಕ. ಕಂಪನಿ ಹೊರಟ ಹೊತ್ತಿಗೆ ನಾವು ಅದಕ್ಕಿಂತ ಸಾಕಷ್ಟು ಜಾಸ್ತಿಯಾಗಿದ್ದೆವು.)

ಅಂದರೆ ಮಂಗಳೂರಿನಲ್ಲಿ ಹುಟ್ಟಿ, ಹದಿಹರೆಯದಲ್ಲಿ ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿ ಸೇರಿ, ಅದನ್ನು ಬಿಟ್ಟು ಮುಂಬೈನ ಕಾರ್ಮಿಕರ ನಾಯಕನಾದ ಜಾರ್ಜ್ ಫರ್ನಾಂಡಿಸ್ ದೆಹಲಿಯಲ್ಲಿ ಕೈಗೊಂಡ ಒಂದು ನಿಲುವು, ಎಂಟು ವರ್ಷಗಳ ನಂತರ ಅಮೆರಿಕದ ಕೋರ್ಟಿನಲ್ಲಿ ಕೊಕಾ-ಕೋಲಾ ಪರವಾದ ಸಾಕ್ಷ್ಯವಾಯಿತು! ಜಾರ್ಜ್ ಮತ್ತು ಕೋಲಾದ ಕಥೆಯನ್ನು ನಾವು ಸ್ವದೇಶಿಯ ಗೆಲುವೆಂದೋ ಸಮಾಜವಾದಿ ಹುಂಬತನವೆಂದೋ ಹೇಳಿಕೊಂಡು ಬಂದಿದ್ದೇವೆ. ವಕೀಲರ ಕಡೆಯಿಂದ ನೋಡಿದರೆ ಅದಕ್ಕೆ ಬೇರೆಯೇ ಮುಖವಿದೆ.

ಮೊದಲು ಕಾನೂನಿನ ಮಾತು. ಇಂದಿರಾ ಗಾಂಧಿ ಸರ್ಕಾರ 1973ರಲ್ಲಿ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ ತಂದಿತು. ಎಲ್ಲರ ಬಾಯಲ್ಲಿ ಅದು ಫೆರಾ. ಅದರ 29ನೇ ಸೆಕ್ಷನ್ ಪ್ರಕಾರ ಇಲ್ಲಿ ವ್ಯವಹಾರ ಮಾಡುವ ವಿದೇಶಿ ಕಂಪನಿಗಳಿಗೆ ರಿಸರ್ವ್ ಬ್ಯಾಂಕಿನ ಒಪ್ಪಿಗೆ ಬೇಕು. ಆ ಒಪ್ಪಿಗೆಗೆ ಸಾಮಾನ್ಯವಾಗಿ ಹಾಕುತ್ತಿದ್ದ ಷರತ್ತು, ವಿದೇಶಿ ಪಾಲು ಶೇಕಡ 40ಕ್ಕೆ ಇಳಿಯಬೇಕು ಎಂಬುದು. ಕಾಯ್ದೆಯಲ್ಲಿ ಪಾನೀಯದ ಗುಟ್ಟಿನ ಮಾತೇ ಇರಲಿಲ್ಲ. 1977ರಲ್ಲಿ ಜನತಾ ಸರ್ಕಾರ ಬಂದು, ಜೈಲಿನಿಂದಲೇ ಮುಜಫ್ಫರ್‌ಪುರ ಗೆದ್ದಿದ್ದ ಜಾರ್ಜ್ ಕೈಗಾರಿಕಾ ಮಂತ್ರಿಯಾದ ಮೇಲೆ ಷರತ್ತಿನ ಜೊತೆ ಇನ್ನೊಂದು ಮಾತೂ ಸೇರಿಕೊಂಡಿತು: ಷೇರು ಮಾತ್ರವಲ್ಲ, ತಯಾರಿಕೆಯ ತಿಳಿವಳಿಕೆಯೂ ಭಾರತೀಯ ಕಂಪನಿಗೆ ಬರಬೇಕು. ಷೇರಿನ ವಿಷಯದಲ್ಲಿ ಕಂಪನಿ ಮಾತುಕತೆಗೆ ಸಿದ್ಧವಿತ್ತು. ಆದರೆ ಗುಣಮಟ್ಟ ನೋಡಿಕೊಳ್ಳಲು ತನ್ನದೇ ಪ್ರತ್ಯೇಕ ಘಟಕ ಇರಬೇಕು, ಸೂತ್ರ ಅದರ ಕೈಯಲ್ಲೇ ಉಳಿಯಬೇಕು ಎಂದಿತು. ಮಂತ್ರಿ ಒಪ್ಪಲಿಲ್ಲ, ಕಂಪನಿ ಹೊರಟಿತು.

ಜಗಳ ಷೇರಿನದ್ದೋ ಗುಟ್ಟಿನದ್ದೋ? ನನ್ನ ಓದಿನಲ್ಲಿ, ಅದನ್ನು ಬರೀ ಗುಟ್ಟಿನ ಜಗಳವೆಂದು ಹೇಳಿಕೊಳ್ಳುವುದು ಇಬ್ಬರಿಗೂ ಅನುಕೂಲವಾಗಿತ್ತು. ಹಳ್ಳಿಯಲ್ಲಿ ಕುಡಿಯುವ ನೀರಿಲ್ಲ, ಕೋಕ್ ಮಾತ್ರ ಸಿಗುತ್ತದೆ ಎನ್ನುತ್ತಿದ್ದ ಮಂತ್ರಿಗೆ, ಏಳನೇ ಕೋಣೆಯಲ್ಲಿ ಸೂತ್ರ ಬಚ್ಚಿಟ್ಟ ಬಹುರಾಷ್ಟ್ರೀಯ ಕಂಪನಿಗಿಂತ ಒಳ್ಳೆಯ ಎದುರಾಳಿ ಸಿಗುತ್ತಿರಲಿಲ್ಲ. ಕಂಪನಿಗಂತೂ ಶೇಕಡ 40ರ ಷರತ್ತಿಗೆ ಹೊರಟೆವು ಎನ್ನುವುದಕ್ಕಿಂತ ಗುಟ್ಟಿಗಾಗಿ ಹೊರಟೆವು ಎನ್ನುವುದೇ ಮರ್ಯಾದೆ.

ಇಷ್ಟು ಬೆಲೆಯುಳ್ಳದ್ದನ್ನು ಪೇಟೆಂಟ್ ಮಾಡಿಸಿಕೊಂಡು ನಿಶ್ಚಿಂತೆಯಿಂದ ಇರಬಹುದಿತ್ತಲ್ಲ ಎಂದು ಕೇಳಬಹುದು. ಸಂಸಾರ ಗುಟ್ಟು, ವ್ಯಾಧಿ ರಟ್ಟು ಎನ್ನುತ್ತಾರೆ. ಕಾನೂನಿನಲ್ಲೂ ಈ ಎರಡೇ ದಾರಿ. ಪೇಟೆಂಟ್ ರಟ್ಟಿನ ದಾರಿ: ನಿನ್ನ ಕಂಡುಹಿಡಿತವನ್ನು ಎಲ್ಲರಿಗೂ ಅರ್ಥವಾಗುವಂತೆ ಬರೆದುಕೊಡು, ಬದಲಿಗೆ ಇಷ್ಟು ವರ್ಷ ಬೇರೆ ಯಾರೂ ಅದನ್ನು ಮುಟ್ಟದಂತೆ ಸರ್ಕಾರ ನೋಡಿಕೊಳ್ಳುತ್ತದೆ, ಅವಧಿ ಮುಗಿದ ಮೇಲೆ ಅದು ಲೋಕದ ಆಸ್ತಿ. ಅಮೆರಿಕದಲ್ಲಿ ಆಗ ಅವಧಿ 17 ವರ್ಷ. ಜಾನ್ ಪೆಂಬರ್ಟನ್ 1886ರಲ್ಲಿ ತನ್ನ ಪಾನಕಕ್ಕೆ ಪೇಟೆಂಟ್ ಪಡೆದಿದ್ದರೆ 20ನೇ ಶತಮಾನದ ಶುರುವಿನಲ್ಲೇ ಅದು ಮುಗಿದುಹೋಗುತ್ತಿತ್ತು. ಭಾರತದಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ಅವರ 1959ರ ವರದಿಯ ಜಾಡಿನಲ್ಲಿ ಬಂದ 1970ರ ಪೇಟೆಂಟ್ ಕಾಯ್ದೆ ಆಹಾರ ಮತ್ತು ಔಷಧಿಗಳ ವಸ್ತುವಿಗೆ ಪೇಟೆಂಟ್ ಕೊಡುತ್ತಲೇ ಇರಲಿಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಕೊಡುತ್ತಿತ್ತು. ಅದೂ ಹೆಚ್ಚೆಂದರೆ 7 ವರ್ಷ.

ಗುಟ್ಟಿಗೆ ಅವಧಿಯಿಲ್ಲ, ಕಾಪಾಡಿಕೊಂಡಷ್ಟು ದಿನ ಅದು ನಿಮ್ಮದು. ಆದರೆ ಅದಕ್ಕೊಂದು ದೊಡ್ಡ ಕೊರತೆ ಇದೆ. ಕದ್ದವನನ್ನು, ನಂಬಿಕೆದ್ರೋಹ ಮಾಡಿದವನನ್ನು ಕೋರ್ಟಿಗೆ ಎಳೆಯಬಹುದು. ತಾನಾಗಿಯೇ ಕಂಡುಕೊಂಡವನನ್ನು, ಅಂಗಡಿಯಲ್ಲಿ ಬಾಟಲಿ ಕೊಂಡು ತಂದು ಪ್ರಯೋಗಾಲಯದಲ್ಲಿ ಬಿಡಿಸಿ ನೋಡಿದವನನ್ನು ಏನೂ ಮಾಡುವಂತಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು 1974ರ ಕ್ಯೂವಾನಿ ಆಯಿಲ್ ಪ್ರಕರಣದಲ್ಲಿ ಸ್ಪಷ್ಟವಾಗಿಯೇ ಹೇಳಿತ್ತು.

ಮೈಸೂರಿನಲ್ಲಿ ನಡೆದದ್ದು ಬಾಟಲಿ ಬಿಡಿಸಿ ನೋಡುವುದಕ್ಕೆ ಹತ್ತಿರದ ಕೆಲಸ. 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯನ್ನು ಮೈಸೂರಿನವರು ಸಿಎಫ್‌ಟಿಆರ್‌ಐ ಎಂದೇ ಕರೆಯುತ್ತಾರೆ. ಎಮ್ಮೆ ಹಾಲಿನಿಂದ ಮಕ್ಕಳ ಪುಡಿ ಆಹಾರ ಮಾಡುವುದು ಆಗದ ಮಾತು ಎನ್ನುತ್ತಿದ್ದ ಕಾಲದಲ್ಲಿ ಅದನ್ನು ಮಾಡಿ ತೋರಿಸಿ ಅಮುಲ್‌ಗೆ ದಾಟಿಸಿದ ಸಂಸ್ಥೆ ಅದು. ಕೋಕ್ ಹೊರಟ ಮೇಲೆ ಸರ್ಕಾರಕ್ಕೆ ಬೇಕಾಗಿದ್ದ ಕೋಲಾದ ಸಾರ ತಯಾರಾದದ್ದು ಅಲ್ಲೇ. ಕೋಲಾಗೆ ಏನೇನು ಬೇಕು ಎಂಬುದು ಆ ಹೊತ್ತಿಗೆ ಗುಟ್ಟೇನೂ ಆಗಿರಲಿಲ್ಲ. ಸಕ್ಕರೆ, ಬಣ್ಣಕ್ಕೆ ಕ್ಯಾರಮೆಲ್, ಹುಳಿಗೆ ಫಾಸ್ಪರಿಕ್ ಆಮ್ಲ, ಕೆಫೀನ್, ಇದರ ಜೊತೆಗೆ ಕಿತ್ತಳೆ, ನಿಂಬೆ ಜಾತಿಯ ಹಣ್ಣುಗಳ ಮತ್ತು ದಾಲ್ಚಿನ್ನಿ, ಜಾಯಿಕಾಯಿಯಂಥ ಮಸಾಲೆಗಳ ಎಣ್ಣೆ. ಗುಟ್ಟಿರುವುದು ಈ ಎಣ್ಣೆಗಳ ಪ್ರಮಾಣದಲ್ಲಿ. ಆ ಮಿಶ್ರಣವನ್ನು ಕಂಪನಿ ತನ್ನೊಳಗೆ '7ಎಕ್ಸ್' ಎಂದು ಕರೆಯುತ್ತದೆ. ಮೈಸೂರಿನ ವಿಜ್ಞಾನಿಗಳು ಅಟ್ಲಾಂಟಾದ 7ಎಕ್ಸ್ ಅನ್ನು ಕದಿಯಲಿಲ್ಲ, ತಮ್ಮದೇ ಹದ ಮಾಡಿಕೊಂಡರು. ಯಾವ ಕೋರ್ಟೂ ಇದಕ್ಕೆ ತಕರಾರು ತೆಗೆಯುವಂತಿರಲಿಲ್ಲ.

ಪಾನೀಯದ ಹೆಸರು 'ಡಬಲ್ ಸೆವೆನ್', 1977ರ ನೆನಪಿಗೆ. ಹೆಸರಿನ ಸ್ಪರ್ಧೆಯಲ್ಲಿ ಗೆದ್ದ ಸಂಸದ ಎಚ್.ವಿ. ಕಾಮತರೂ ಮಂಗಳೂರಿನಲ್ಲಿ ಹುಟ್ಟಿದವರೇ. ಐಸಿಎಸ್ ಬಿಟ್ಟು ಸುಭಾಷರ ಜೊತೆ ಹೋದವರು, ಸಂವಿಧಾನ ಸಭೆಯಲ್ಲಿ ಕೂತವರು, ಆಗ ಮಧ್ಯಪ್ರದೇಶದ ಹೋಶಂಗಾಬಾದ್‌ನ ಪ್ರತಿನಿಧಿ. ತಯಾರಿಕೆಯ ಹೊಣೆ ಸರ್ಕಾರದ್ದೇ ಬ್ರೆಡ್ ಕಂಪನಿಯಾದ ಮಾಡರ್ನ್ ಬೇಕರೀಸ್‌ನದ್ದು. ಬ್ರೆಡ್ ಮಾಡುವವರ ಕೈಗೆ ಕೋಲಾ ಕೊಟ್ಟದ್ದು ಸರ್ಕಾರಕ್ಕೆ ಮಾತ್ರ ಹೊಳೆಯಬಹುದಾದ ಉಪಾಯ. ಮಾರುಕಟ್ಟೆಯಲ್ಲಿ ಅದಕ್ಕೆ ಪಾರ್ಲೆಯವರ ಥಮ್ಸ್ ಅಪ್ ಎದುರಾಯಿತು, ಕ್ಯಾಂಪಾ ಕೋಲಾ ಎದುರಾಯಿತು. 1980ರಲ್ಲಿ ಜನತಾ ಪಕ್ಷ ಸೋತ ಮೇಲೆ ಡಬಲ್ ಸೆವೆನ್ ಮೆಲ್ಲನೆ ಮರೆಯಾಯಿತು. ಗೆದ್ದ ಥಮ್ಸ್ ಅಪ್‌ಗೂ ಅಟ್ಲಾಂಟಾದ ಸೂತ್ರ ಗೊತ್ತಿರಲಿಲ್ಲ, ಅದಿಲ್ಲದೆಯೇ ಗೆದ್ದಿತು. 1993ರಲ್ಲಿ ಹಿಂತಿರುಗಿದ ಕೊಕಾ-ಕೋಲಾ ಅದನ್ನು ಎದುರಿಸುವ ಬದಲು ಹಣ ಕೊಟ್ಟು ಕೊಂಡುಕೊಂಡಿತು.

ಈಗ ಡೆಲವೇರ್. 1899ರಲ್ಲಿ ಇಬ್ಬರು ವಕೀಲರು, ಬೆಂಜಮಿನ್ ಥಾಮಸ್ ಮತ್ತು ಜೋಸೆಫ್ ವೈಟ್‌ಹೆಡ್, ಕೋಕ್ ಅನ್ನು ಬಾಟಲಿಗೆ ತುಂಬುವ ಹಕ್ಕನ್ನು ಒಂದು ಡಾಲರಿಗೆ ಪಡೆದರು. ಬಾಟ್ಲರುಗಳ ವ್ಯವಸ್ಥೆ ಬೆಳೆದದ್ದು ಅಲ್ಲಿಂದ. ಮುಂದೆ 1921ರಲ್ಲಿ ಆದ ಒಪ್ಪಂದ ಅವರಿಗೆ ಕೊಡುವ ಸಿರಪ್ಪಿನ ದರವನ್ನು ಕಟ್ಟಿಹಾಕಿತು. 1982ರಲ್ಲಿ ಡಯಟ್ ಕೋಕ್ ಬಂದಾಗ ಕಂಪನಿ, ಇದು ಬೇರೆ ಪಾನೀಯ, ಹಳೇ ದರ ಅನ್ವಯಿಸದು ಎಂದಿತು. ಸಕ್ಕರೆ ತೆಗೆದು ಬೇರೆ ಸಿಹಿ ಹಾಕಿದ್ದೀರಿ ಅಷ್ಟೇ, ಇದೂ ಕೊಕಾ-ಕೋಲಾನೇ ಎಂದರು ಬಾಟ್ಲರುಗಳು. ಲೂಸಿಯಾನಾದ ಶ್ರೀವ್‌ಪೋರ್ಟ್‌ನ ಬಾಟ್ಲಿಂಗ್ ಕಂಪನಿ ಮತ್ತಿತರರು ಕೋರ್ಟಿಗೆ ಹೋದರು. ಎರಡೂ ಒಂದೇ ಎಂದು ಸಾಬೀತು ಮಾಡಬೇಕಾದರೆ ಎರಡರ ಸೂತ್ರವನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಅವರ ವಕೀಲರು ಅದನ್ನೇ ಕೇಳಿದರು.

ವ್ಯಾಪಾರದ ಗುಟ್ಟಿನ ಕೇಸು ನಡೆಸುವ ವಕೀಲನ ಪಾಡು ವಿಚಿತ್ರ. ತನ್ನ ಕಕ್ಷಿದಾರನ ಬಳಿ ಗುಟ್ಟೊಂದಿದೆ ಎಂದು ಅವನು ಸಾಬೀತು ಮಾಡಬೇಕು, ಆದರೆ ಅದೇನೆಂದು ಹೇಳಬಾರದು. ಹಾಗಾಗಿ ಅವನ ಸಾಕ್ಷ್ಯವೆಲ್ಲ ಗುಟ್ಟಿನ ಸುತ್ತಲಿನ ಗೋಡೆಯದ್ದು: ಬೀಗ ಯಾರ ಕೈಯಲ್ಲಿದೆ, ಯಾರಿಗೆ ಗೊತ್ತು, ಅದಕ್ಕಾಗಿ ಏನು ಕಳೆದುಕೊಂಡಿದ್ದೀರಿ. ಕೆಲ್ಲರ್ ಅವರ ಅಫಿಡವಿಟ್ಟಿಗೆ ಭಾರತ ಬಂದದ್ದು ಈ ಕೊನೆಯ ಪ್ರಶ್ನೆಗೆ ಉತ್ತರವಾಗಿ. ಬೀಗ, ಬ್ಯಾಂಕು, ವಿಮಾನದ ಕಥೆಗಳನ್ನು ಯಾರು ಬೇಕಾದರೂ ಕಟ್ಟಬಹುದು. ಒಂದು ದೇಶವನ್ನೇ ಬಿಟ್ಟು ಬಂದದ್ದನ್ನು ಕಟ್ಟಲಾಗುವುದಿಲ್ಲ. ವಕೀಲಿಯಾಗಿ ನೋಡಿದರೆ ಇದು ಪಳಗಿದ ಕೈಯ ಕೆಲಸ. ಫೆರಾ, ಶೇಕಡ 40, ಷೇರಿನ ಚೌಕಾಸಿ ಯಾವುದೂ ಅಲ್ಲಿಲ್ಲ. ಉಳಿದದ್ದು ಗುಟ್ಟು ಮತ್ತು ತ್ಯಾಗ.

ನ್ಯಾಯಾಧೀಶ ಮರ್ರೆ ಶ್ವಾರ್ಟ್ಜ್ ಇದನ್ನು ನಂಬಿದರು. 1985ರ ಆಗಸ್ಟ್‌ನ ಅವರ ಆದೇಶದಲ್ಲಿ ಭಾರತದ ವಿಷಯವೂ ದಾಖಲಾಗಿದೆ. ಇದು ವ್ಯಾಪಾರದ ಗುಟ್ಟು ಹೌದು, ಹೊರಬಿದ್ದರೆ ನಷ್ಟವೂ ಹೌದು ಎಂದು ಒಪ್ಪಿದ ಅವರು, ಆದರೂ ಸೂತ್ರ ಕೊಡಿ ಎಂದರು. ಎದುರು ಕಕ್ಷಿದಾರರು ನೋಡುವಂತಿಲ್ಲ, ಅವರ ವಕೀಲರು ಮತ್ತು ತಜ್ಞರು ಮಾತ್ರ, ಅದೂ ಬಿಗಿಯಾದ ಗೋಪ್ಯತೆಯ ಆದೇಶಕ್ಕೆ ಒಳಪಟ್ಟು. ಸತ್ಯ ಗೊತ್ತಾಗದೆ ನ್ಯಾಯ ಹೇಳುವುದು ಹೇಗೆ ಎಂಬುದು ಅವರ ವಾದದ ತಿರುಳು. ಕಂಪನಿ ಕೊಡಲಿಲ್ಲ. ಮಾರನೇ ವರ್ಷ ಕೋರ್ಟ್ ಇಡೀ ಕೇಸನ್ನು ಬಾಟ್ಲರುಗಳ ಪರವಾಗಿ ಮುಗಿಸದಿದ್ದರೂ, ಸೂತ್ರದ ವಿಷಯದ ಮಟ್ಟಿಗೆ ಮುಚ್ಚಿಟ್ಟದ್ದರ ದಂಡವನ್ನು ಕಂಪನಿಯ ತಲೆಗೇ ಕಟ್ಟಿತು.

ಇಲ್ಲಿ ನಾನು ಜಾರ್ಜ್ ಪರ ಒಂದು ಮಾತು ಹೇಳಲೇಬೇಕು. ಗುಟ್ಟು ಬಿಡಿ ಎಂದು ಕೇಳಿದ್ದು ಬಡದೇಶದ ಸಮಾಜವಾದಿಯ ಹುಚ್ಚು ಎಂದು ನಗುವವರಿದ್ದಾರೆ. ಅದೇ ಮಾತನ್ನು ಬಂಡವಾಳಶಾಹಿ ಅಮೆರಿಕದ ಫೆಡರಲ್ ನ್ಯಾಯಾಧೀಶರೂ ಆದೇಶವಾಗಿಯೇ ಬರೆದರು. ಇಬ್ಬರಿಗೂ ಕಂಪನಿ ಕೊಟ್ಟ ಉತ್ತರ ಒಂದೇ. ವ್ಯತ್ಯಾಸವಿರುವುದು ಕೇಳಿದ ರೀತಿಯಲ್ಲಿ. ನ್ಯಾಯಾಧೀಶರ ಬಳಿ ಯಾರಿಗೆ, ಎಷ್ಟು, ಯಾವ ಕಾವಲಿನಲ್ಲಿ ತೋರಿಸಬೇಕು ಎಂಬ ಅಳತೆಯಿತ್ತು. ಮಂತ್ರಿಯ ಬಳಿ ಇದ್ದದ್ದು ಷೇರಿನ ಕಾಯ್ದೆಯೊಂದೇ.

ಆ ಅಳತೆಯ ಕಾನೂನು ಭಾರತದಲ್ಲಿ ಆಗ ಇರಲಿಲ್ಲ. ಇದ್ದದ್ದು 1872ರ ಕರಾರು ಕಾಯ್ದೆ ಮತ್ತು ಕೋರ್ಟುಗಳ ವಿವೇಕ. 1967ರಲ್ಲಿ ಗೋಲಿಕರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಟೈರಿಗೆ ಬೇಕಾದ ನೂಲು ತಯಾರಿಸುವ ಕಾರ್ಖಾನೆಯಲ್ಲಿ ಐದು ವರ್ಷದ ಕರಾರು ಮಾಡಿಕೊಂಡ ಮೇಲ್ವಿಚಾರಕ ನಡುವೆಯೇ ಬಿಟ್ಟು ಪ್ರತಿಸ್ಪರ್ಧಿ ಕಡೆ ಹೋಗುವಂತಿಲ್ಲ ಎಂದಿತು. ಆದರೆ ಕರಾರು ಮುಗಿದ ಮೇಲೆ ಯಾರ ಹೊಟ್ಟೆಪಾಡನ್ನೂ ಕಟ್ಟಿಹಾಕಲಾಗದು ಎಂಬುದು ಆ ಕಾಯ್ದೆಯ 27ನೇ ಸೆಕ್ಷನ್‌ನ ತಾತ್ಪರ್ಯ. ರಾಜಾಜಿನಗರದಲ್ಲೋ ಪೀಣ್ಯದಲ್ಲೋ ಸಣ್ಣ ವರ್ಕ್‌ಶಾಪ್ ಇಟ್ಟವನ ಫೋರ್‌ಮನ್ ಕೆಲಸ ಬಿಟ್ಟು, ಪಕ್ಕದ ಬೀದಿಯಲ್ಲಿ ಅದೇ ಮಾಲು ಮಾಡತೊಡಗಿದರೆ ವಕೀಲ ಮೊದಲು ಕೇಳುವುದು ಇದನ್ನೇ: ಅವನು ತೆಗೆದುಕೊಂಡು ಹೋದದ್ದು ನಿಮ್ಮ ಡ್ರಾಯಿಂಗೋ, ಅವನ ಕೈಚಳಕವೋ? ಡ್ರಾಯಿಂಗ್ ಆದರೆ ಕೇಸಿದೆ. ಕೈಚಳಕವಾದರೆ ಅದು ಅವನದೇ.

ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಹೋದರೆ ಬಿಡದಿಯಲ್ಲಿ ಕೊಕಾ-ಕೋಲಾದ ದೊಡ್ಡ ಬಾಟ್ಲಿಂಗ್ ಕಾರ್ಖಾನೆ ಸಿಗುತ್ತದೆ. ಕಂಪನಿಯ ಸಾರ ತಯಾರಾಗುವುದು ಪುಣೆಯ ಹತ್ತಿರದ ಪಿರಂಗುಟ್‌ನಲ್ಲಿ. ಬಾಟ್ಲಿಂಗ್ ಕಾರ್ಖಾನೆಗಳ ಕೆಲಸ ಅದಕ್ಕೆ ನೀರು, ಸಕ್ಕರೆ, ಗ್ಯಾಸ್ ಬೆರೆಸಿ ತುಂಬುವುದು. ಅದೇ ರಸ್ತೆಯ ಕೊನೆಗೆ ಮೈಸೂರು, ಚೆಲುವಾಂಬ ಅರಮನೆ.

2024ರ ಮಾರ್ಚ್‌ನಲ್ಲಿ 22ನೇ ಕಾನೂನು ಆಯೋಗ ತನ್ನ 289ನೇ ವರದಿಯಲ್ಲಿ ವ್ಯಾಪಾರದ ಗುಟ್ಟುಗಳಿಗೆಂದೇ ಪ್ರತ್ಯೇಕ ಕಾಯ್ದೆ ಬೇಕೆಂದು ಶಿಫಾರಸು ಮಾಡಿ ಕರಡು ಮಸೂದೆಯನ್ನೂ ಜೋಡಿಸಿತು. ಗುಟ್ಟಿನ ಒಡೆಯನಿಗೆ ರಕ್ಷಣೆ ಕೊಡುತ್ತಲೇ ಅದು ಕೆಲವು ವಿನಾಯಿತಿಗಳನ್ನು ಇಟ್ಟುಕೊಂಡಿದೆ. ಅನ್ಯಾಯವನ್ನು ಬಯಲು ಮಾಡಿದ ನೌಕರನಿಗೆ ಒಂದು, ಸಾರ್ವಜನಿಕ ಹಿತಕ್ಕೆ ಬೇಕಾದಾಗ ಸರ್ಕಾರ ಗುಟ್ಟನ್ನು ಬಳಸಿಕೊಳ್ಳುವುದಕ್ಕೆ, ಕಡ್ಡಾಯ ಪರವಾನಗಿ ಕೊಡಿಸುವುದಕ್ಕೆ ಇನ್ನೊಂದು. 1977ರಲ್ಲಿ ಮಂತ್ರಿಯೊಬ್ಬರು ಕಾಯ್ದೆಯಿಲ್ಲದೆ ಕೇಳಿದ್ದ ಮಾತು ಈಗ ಕರಡಿನ ಒಂದು ಕಲಮಿನಲ್ಲಿದೆ.